ಮನೆಯೊಳಗಣ ಹೊಗೆ

ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯಲ್ಲಿ ನಾನು ಓದುತ್ತಿದ್ದ ಕಾಲದಲ್ಲಿ, ಅನ್ನಂಭಟ್ಟನ ತರ್ಕಸಂಗ್ರಹದ ಅನುಮಾನಪ್ರಕರಣಕ್ಕೆ ಬಂದೊಡನೆ ನಮಗೆಲ್ಲ ಒಂದು ಬಗೆಯ ಉತ್ಸಾಹವುಂಟಾಗುತ್ತಿತ್ತು. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ; ಹೊಗೆಯಿದ್ದಲ್ಲಿ ಬೆಂಕಿ ಇರಲೇಬೇಕು; ಆದುದರಿಂದ ಬೆಟ್ಟದಲ್ಲಿ ಬೆಂಕಿಯುಂಟು. ಇದಕ್ಕೆ ದೃಷ್ಟಾಂತವೇನೆಂದು ಗುರುಗಳು ಕೇಳಿದರೆ, ಅಡಿಗೆಯ ಮನೆ ಎಂದು ನಾವೆಲ್ಲರೂ ಒಕ್ಕೊರಲಿನಿಂದ ಕೂಗುತ್ತಿದ್ದೆವು. ಮುಂದೆ ನಾನೂ ಹೈಸ್ಕೂಲಿನ ಮೇಷ್ಟರಾಗಿ, ಮೂವತ್ತಕ್ಕೆ ಮಿಕ್ಕಿದ ವರ್ಷಗಳ ಕಾಲ, ಕುಂತಿಬೆಟ್ಟದ ಕಡೆಗೆ ಕೈತೋರಿಸಿ ಈ ಪಾಠವನ್ನು ಹುಡುಗರಿಗೆ ಒಪ್ಪಿಸಿದ್ದುಂಟು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸಬಲ್ಲವನು ತನ್ನ ಮನೆಯೊಳಗಣ ಹೊಗೆಯನ್ನು ಅರಿಯದೆ ಹೋದನೆಂಬುದೇ ಈ ಲೇಖನದ ವಸ್ತು. ಇದನ್ನು ಬರೆಯಲು ನನಗೆ ಸಂತೋಷವಿಲ್ಲ. ಆದರೆ ಬರೆಯದೆ ಇರುವುದು ಸರಿಯಲ್ಲವೆಂದು ಈಚೆಗೆ ಮನಗಂಡಿದ್ದೇನೆ.

2021ರ ಮೇ ತಿಂಗಳಿನಲ್ಲಿ, ಕೊರೋನಾ ರೋಗದ ಎರಡನೆಯ ಅಲೆಯಲ್ಲಿ, ಮೈಸೂರಿನಲ್ಲಿದ್ದ ನನ್ನ ತಮ್ಮನು ತೀರಿಕೊಂಡನು. ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ ಹೋದ ದೇಹ. ಮುಖ ನೋಡುವ ಅವಕಾಶವೂ ನಮಗೆ ದೊರೆಯಲಿಲ್ಲ. ಅವನ ಹೆಂಡತಿಯೂ ಒಬ್ಬನೇ ಮಗನೂ ಪಾಂಡವಪುರದ ನಮ್ಮ ಮನೆಗೆ ಬಂದು ನೆಲೆಸಿದರು. ಹುಡುಗನಿಗೆ ಆಗ ಹದಿನೇಳು ವರ್ಷ. ಮರುವರ್ಷ ಅವನು ಮೈಸೂರಿನ ಕಾಲೇಜೊಂದಕ್ಕೆ ಸೇರಿ, ದಿನವೂ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಬರತೊಡಗಿದನು. ತಂದೆಯಿಲ್ಲದ ಹುಡುಗನೆಂದು ನಾವು ಗದರಿಸುತ್ತಿರಲಿಲ್ಲ. ಅತ್ತರೆ ದುಃಖ ಹೆಚ್ಚೀತೆಂದು ತಂದೆಯ ಮಾತನ್ನೂ ಅವನೆದುರಿಗೆ ಎತ್ತುತ್ತಿರಲಿಲ್ಲ. ಇದೇ ಪ್ರೀತಿಯೆಂದು ನಾವು ತಿಳಿದಿದ್ದೆವು.

ಕಾಲೇಜು ಸೇರಿದ ಕೆಲವು ತಿಂಗಳಲ್ಲಿ ಅವನಲ್ಲಿ ದೈವಭಕ್ತಿ ಕಾಣಿಸಿಕೊಂಡಿತು. ಮಾಳಿಗೆಯ ಮೇಲಣ ತನ್ನ ಕೊಠಡಿಯಲ್ಲಿ ಬೆಳಗೂ ಬೈಗೂ ಊದುಬತ್ತಿ ಹಚ್ಚುವನು. ಒಂದಲ್ಲ, ಒಮ್ಮೆಗೆ ನಾಲ್ಕೈದು. ಈಗಿನ ಕಾಲದ ಹುಡುಗರಲ್ಲಿ ಇಂತಹ ಶ್ರದ್ಧೆ ಎಲ್ಲಿಯುಂಟೆಂದು ನಾನು ನೆರೆಹೊರೆಯವರೊಡನೆ ಹೇಳಿಕೊಂಡು ಹಿಗ್ಗಿದೆನು. ಸಂತೆಯಿಂದ ಒಳ್ಳೆಯ ಊದುಬತ್ತಿಯ ಕಟ್ಟುಗಳನ್ನು ನಾನೇ ತಂದುಕೊಟ್ಟಿದ್ದೂ ಉಂಟು. ಅವನ ಕಣ್ಣು ಕೆಂಪಾಗಿದ್ದರೆ ರಾತ್ರಿಯೆಲ್ಲ ಓದಿದನೆಂದುಕೊಂಡೆನು. ಸರಿಹೊತ್ತಿನಲ್ಲಿ ಎದ್ದು ಅಡಿಗೆಯ ಮನೆಯಲ್ಲಿ ಬೆಲ್ಲದಚ್ಚನ್ನು ಕಡಿದು ತಿನ್ನುತ್ತಿದ್ದರೆ, ಬೆಳೆಯುವ ಹುಡುಗನಿಗೆ ಹಸಿವೆಂದುಕೊಂಡೆನು. ಊದುಬತ್ತಿಯ ಕಂಪಿನ ಅಡಿಯಲ್ಲಿ ಬೇರೊಂದು ವಾಸನೆ, ಹಸಿಸೊಪ್ಪು ಸುಟ್ಟಂತಹ ಕಟುವಾಸನೆ, ಎಷ್ಟೋ ಸಲ ನನ್ನ ಮೂಗಿಗೆ ಬಡಿದಿತ್ತು. ಪಕ್ಕದ ಹಿತ್ತಲಿನಲ್ಲಿ ಸೊಳ್ಳೆಗೆ ಬೇವಿನ ಸೊಪ್ಪು ಸುಡುತ್ತಿರಬೇಕೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಹೇತುವು ಕಣ್ಣೆದುರಿಗೇ ಇದ್ದಿತು. ಸಾಧ್ಯವನ್ನು ಒಪ್ಪಲು ಮನಸ್ಸಿರಲಿಲ್ಲ.

2023ರ ಜೂನ್ 26ರಂದು ನಮ್ಮ ತಾಲ್ಲೂಕಿನ ಒಂದು ಶಾಲೆಯವರು ನನ್ನನ್ನು ಭಾಷಣಕ್ಕೆ ಕರೆದರು. ಮಾದಕವಸ್ತುಗಳ ಸೇವನೆಯನ್ನೂ ಕಳ್ಳಸಾಗಣೆಯನ್ನೂ ವಿರೋಧಿಸುವ ಅಂತರರಾಷ್ಟ್ರೀಯ ದಿನವೆಂದು ವಿಶ್ವಸಂಸ್ಥೆಯು 1987ರಲ್ಲಿ ಗೊತ್ತುಮಾಡಿದ ದಿನವದು. ಕಾಮದಿಂದ ಹುಟ್ಟುವ ವ್ಯಸನಗಳು ಹತ್ತು, ಕ್ರೋಧದಿಂದ ಹುಟ್ಟುವವು ಎಂಟು ಎಂದು ಮನುವು ಎಣಿಸಿರುವುದನ್ನು ವಿವರಿಸಿ, ಅವುಗಳಲ್ಲಿ ಪಾನಕ್ಕೆ ಕೊಟ್ಟಿರುವ ಸ್ಥಾನವನ್ನು ತಿಳಿಸಿ, ನಲವತ್ತು ನಿಮಿಷ ಮಾತನಾಡಿದೆನು. ಮಕ್ಕಳು ಬಿಸಿಲಿನಲ್ಲಿ ಕುಳಿತು ಕೇಳಿದರು. ಕೊನೆಯಲ್ಲಿ ಕೈಚಾಚಿ ಪ್ರತಿಜ್ಞೆ ಮಾಡಿದರು. ನನಗೆ ಶಾಲು ಹೊದಿಸಿದರು. ಆ ಶಾಲನ್ನು ಮನೆಯ ಜಗಲಿಯ ಮೇಲೆ ಮಡಿಸಿಡುತ್ತಿರುವಾಗಲೂ ಮಾಳಿಗೆಯಿಂದ ಊದುಬತ್ತಿಯ ವಾಸನೆ ಇಳಿದು ಬರುತ್ತಿದ್ದಿತು.

ಇದಾದ ಎರಡು ತಿಂಗಳ ಮೇಲೆ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅವನಿಗೆ ಎರಡೆಕರೆ ಕಬ್ಬಿನ ಗದ್ದೆಯೂ ಒಂದು ಆಲೆಮನೆಯೂ ಉಂಟು. ಬಹಳ ವರ್ಷ ಕುಡಿತಕ್ಕೆ ಬಿದ್ದು, ಗದ್ದೆಯನ್ನು ಭೋಗ್ಯಕ್ಕೆ ಹಾಕಿ, ಆಮೇಲೆ ಬಿಟ್ಟು ಚೇತರಿಸಿಕೊಂಡವನೆಂದು ಕೇಳಿದ್ದೆನು. ಒಳಗೆ ಬಾರೆಂದರೂ ಬಾರದೆ, ಜಗಲಿಯ ಅಂಚಿನಲ್ಲಿ ಕುಳಿತು, ಬಹಳ ಹೊತ್ತು ಮಳೆ ಬೆಳೆಯ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಹೇಳಿದನು:

“ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡಿ. ನಿಮ್ಮನೆ ಹುಡುಗ ನಮ್ಮ ಆಲೆಮನೆ ಹಿಂದ್ಗಡೆ ಇನ್ನಿಬ್ರು ಜೊತೇಲಿ ಕೂತ್ಕೊಂಡು ಗಾಂಜಾ ಸೇದ್ತಾನೆ. ಆಲೆಮನೆ ಹೊಗೇಲಿ ಅವರ ಹೊಗೆ ಯಾರ್ಗೂ ಗೊತ್ತಾಗಲ್ಲ ಅಂತ ಅಲ್ಲಿಗೆ ಬತ್ತಾರೆ. ನಾನೂ ಒಂದು ಕಾಲದಲ್ಲಿ ಹಂಗೇ ಮರೆ ಹುಡುಕ್ಕೊಂಡು ಓಯ್ತಿದ್ದೋನು. ಅದ್ಕೇ ನನ್ ಕಣ್ಗೆ ಬಿತ್ತು.”

ನಾನು ಮೊದಲು ಹೇಳಿದ ಮಾತು, “ನೀನು ಬೇರೆ ಯಾರನ್ನೋ ನೋಡಿರಬೇಕು” ಎಂಬುದು. ಅವನು ವಾದಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂಬತ್ತನೇ ಕ್ಲಾಸಲ್ಲಿ ಬೀಡಿ ಸೇದಿದ್ದಕ್ಕೆ ನೀವು ನಂಗೆ ಹುಣಿಸೇ ಬರ್ಲಲ್ಲಿ ಬಾರಿಸಿದ್ರಿ, ಗ್ಯಾಪಕ ಅದಾ?” ಎಂದನು. ನನಗೆ ನೆನಪಿತ್ತು. “ಹೊಡೆದಿದ್ದು ತಪ್ಪು ಅಂತ ನಾನು ಯೋಳ್ತಾ ಇಲ್ಲ ಸ್ವಾಮಿ. ಆ ಬೀಡಿ ನಮ್ಮಪ್ಪನ ಜೇಬಿಂದು. ನಮ್ಮಪ್ಪ ದಿನಾ ಕುಡ್ದು ಬಂದು ಅವ್ವನ್ನ ಹೊಡೆಯೋನು. ಬರ್ಲು ಇಟ್ಟಾದ್ಮೇಲೆ ಒಂದ್ ಸಲ ನೀವು ನಮ್ಮನೆ ಕಡೆ ಬಂದಿದ್ರೆ, ನಿಮ್ಗೇ ಎಲ್ಲಾ ಗೊತ್ತಾಗ್ತಿತ್ತು.”

ಅವನು ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹಳೆಯ ಲೆಕ್ಕವೊಂದನ್ನು ತೋರಿಸುವಂತೆ ಹೇಳಿದನು. ಆದರೆ ನನ್ನ ಇಡೀ ಉಪಾಧ್ಯಾಯ ವೃತ್ತಿಯೇ ಆ ಜಗಲಿಯ ಮೇಲೆ ನನ್ನೆದುರಿಗೆ ಬಂದು ನಿಂತಂತಾಯಿತು. ಎಷ್ಟು ಹುಡುಗರಿಗೆ ಬರಲು ಬಿದ್ದಿದೆ, ಎಷ್ಟು ಮನೆಗಳ ಹೊಸಿಲನ್ನು ನಾನು ತುಳಿದಿದ್ದೇನೆ ಎಂದು ಎಣಿಸಿ ನೋಡಿದೆನು. ಲೆಕ್ಕ ಸರಿಹೋಗಲಿಲ್ಲ.

ಆ ರಾತ್ರಿ ಹೆಂಡತಿಯನ್ನು ಕರೆದು ವಿಷಯ ತಿಳಿಸಿದೆನು. ಅವಳು ಬೆಚ್ಚಲಿಲ್ಲ, ತಲೆ ತಗ್ಗಿಸಿದಳು. ಅವಳಿಗೆ ಆರು ತಿಂಗಳಿನಿಂದ ಗೊತ್ತಿತ್ತು. ಸಾಸಿವೆಯ ಡಬ್ಬಿಯಲ್ಲಿ ಇಟ್ಟಿದ್ದ ಹಣ ಕಾಣೆಯಾದಾಗ ಹುಡುಗನನ್ನು ಕೇಳಿ, ಅವನು ಅತ್ತು ಆಣೆ ಮಾಡಿದ ಮೇಲೆ, “ದೊಡ್ಡಪ್ಪನಿಗೆ ತಿಳಿದರೆ ಮನೆಯಿಂದ ಹೊರಗೆ ಹಾಕುತ್ತಾರೆ” ಎಂದು ಮುಚ್ಚಿಟ್ಟಿದ್ದಳು. ಹುಡುಗನ ತಾಯಿಯನ್ನು ಕರೆದರೆ, ಅವಳಿಗೆ ಇನ್ನೂ ಮುಂಚೆಯೇ ಗೊತ್ತಿತ್ತು. “ಆಶ್ರಯ ಕೊಟ್ಟವರ ಮನೆಗೆ ಅಪಕೀರ್ತಿ ತಂದನೆಂದು ನೀವು ಬೇಸರಪಟ್ಟರೆ ನಾನೆಲ್ಲಿಗೆ ಹೋಗಲಿ, ಭಾವ?” ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಲೇಜಿನ ಶುಲ್ಕವೆಂದು ಅವನು ಎರಡು ಸಲ ಹಣ ಕೇಳಿದಾಗ, ಓಲೆ ಅಡವಿಟ್ಟು ಕೊಟ್ಟವಳು ಅವಳೇ. ನಾನಾದರೂ ಏನು? ವಾಸನೆಯನ್ನು ಮೂಗಿನಿಂದ ತಿಳಿದು ಮನಸ್ಸಿನಿಂದ ಮರೆಮಾಚಿದವನು. ಒಂದೇ ಸೂರಿನ ಕೆಳಗೆ ಮೂವರು ಹಿರಿಯರು, ಒಬ್ಬರಿಗೊಬ್ಬರು ತಿಳಿಯದಂತೆ, ಒಂದೇ ಗುಟ್ಟನ್ನು ಕಾಯುತ್ತಿದ್ದೆವು. ಹುಡುಗನು ಅಡಗಲು ಆಲೆಮನೆಯ ಹಿಂಬದಿಗೆ ಹೋಗುತ್ತಿದ್ದನು. ನಮ್ಮ ಮೌನವು ಅವನಿಗೆ ಅದಕ್ಕಿಂತ ಒಳ್ಳೆಯ ಮರೆಯಾಗಿದ್ದಿತು.

ಮರುದಿನ ನಾನು ಮಾಡಿದ ಕೆಲಸವು ಬುದ್ಧಿವಂತರು ಮಾಡತಕ್ಕದ್ದಲ್ಲ. ಹುಡುಗನನ್ನು ನಿಲ್ಲಿಸಿಕೊಂಡು, ಸತ್ತ ತಂದೆಯ ಹೆಸರೆತ್ತಿ, ಕುಲದ ಹೆಸರೆತ್ತಿ, ಬಾಯಿಗೆ ಬಂದಂತೆ ಆಡಿದೆನು. ಅವನು ಒಂದು ಮಾತನ್ನೂ ಆಡದೆ ಹೊರಟುಹೋದನು. ಎರಡು ದಿನ ಮನೆಗೆ ಬರಲಿಲ್ಲ. ರೈಲ್ವೆ ನಿಲ್ದಾಣದಲ್ಲಿ, ನಾಲೆಯ ಏರಿಯ ಮೇಲೆ, ತೊಣ್ಣೂರಿನ ಕೆರೆಯ ಬಳಿ ಹುಡುಕಿದೆವು. ನೀರು ಕಂಡಲ್ಲೆಲ್ಲ ನನ್ನ ಕಾಲು ನಡುಗುತ್ತಿದ್ದಿತು. ಕೊನೆಗೆ ಅವನನ್ನು ಕರೆತಂದವನು ಅದೇ ಶಿಷ್ಯನು. ಏನು ಹೇಳಿ ಕರೆತಂದೆಯೆಂದು ಕೇಳಿದರೆ, “ಏನೂ ಯೋಳ್ನಿಲ್ಲ. ಆಲೆಮನೇಲಿ ಕೂರಿಸಿ ಬಿಸಿ ಬೆಲ್ಲ ಕೊಟ್ಟೆ, ನನ್ ಕತೆ ಯೋಳ್ದೆ” ಎಂದನು.

ಅವನ ಕಥೆಯನ್ನು ನಾನೂ ಕೇಳಿದೆನು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾದುದು ವಾಚಕರಿಗೆ ತಿಳಿದಿರಬಹುದು. ಅದರ ಜೊತೆಗೂಡಿ ಕೆಲಸ ಮಾಡುವ ಜನಜಾಗೃತಿ ವೇದಿಕೆಯವರು ನಾಡಿನ ಹಲವು ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿಕೊಂಡು ಬಂದಿದ್ದಾರೆ. ಅಂತಹ ಒಂದು ಶಿಬಿರದಲ್ಲಿ ಈತನು ಕುಡಿತವನ್ನು ಬಿಟ್ಟನು. ಈಚೆಗೆ ನೆರೆಯ ಹೋಬಳಿಯಲ್ಲಿ ಮತ್ತೊಂದು ಶಿಬಿರವಾದಾಗ, ಮನೆಯವರನ್ನು ಕರೆಸುವ ದಿನ ನನ್ನನ್ನೂ ಕರೆದುಕೊಂಡು ಹೋದನು. ಸಮುದಾಯ ಭವನದ ನೆಲದ ಮೇಲೆ ಜಮಖಾನ ಹಾಸಿ, ಐವತ್ತರವತ್ತು ಮಂದಿ ಗಂಡಸರು ಒಂದು ವಾರದಿಂದ ಅಲ್ಲೇ ಉಂಡು ಮಲಗುತ್ತಿದ್ದರು. ಊಟದ ಅಕ್ಕಿ ಬೇಳೆಗಳನ್ನು ಊರಿನವರೇ ಒಂದು ಸಮಿತಿ ಮಾಡಿಕೊಂಡು ಒದಗಿಸಿದ್ದರು. ವೈದ್ಯರ ಪರೀಕ್ಷೆ, ಬೆಳಗಿನ ವ್ಯಾಯಾಮ, ಭಜನೆ, ಬಿಟ್ಟವರ ಅನುಭವ, ಒಬ್ಬೊಬ್ಬರನ್ನೇ ಕೂರಿಸಿ ಆಡುವ ಸಮಾಲೋಚನೆ, ಇವೇ ಅಲ್ಲಿಯ ಪಾಠಗಳು.

ನನ್ನ ಮನಸ್ಸನ್ನು ಹಿಡಿದುದು ಹೆಂಗಸರ ಪಾಠ. ಹೆಂಡಂದಿರನ್ನೂ ತಾಯಂದಿರನ್ನೂ ಬೇರೆಯಾಗಿ ಕೂರಿಸಿ, ಶಿಬಿರದ ಹಿರಿಯರೊಬ್ಬರು ಸಾವಕಾಶವಾಗಿ ಕೇಳುತ್ತಿದ್ದರು: ಅವನ ಸಾಲವನ್ನು ಯಾರು ತೀರಿಸಿದಿರಿ? ಕೆಲಸಕ್ಕೆ ಹೋಗದ ದಿನ ಜ್ವರವೆಂದು ಧಣಿಗೆ ಸುಳ್ಳು ಹೇಳಿದವರಾರು? ಬಾಟಲಿಯನ್ನು ಅಡಗಿಸಿ ಅವನೊಡನೆ ಕಣ್ಣಾಮುಚ್ಚಾಲೆ ಆಡಿದವರಾರು? ಒಬ್ಬೊಬ್ಬರಾಗಿ ಕೈ ಎತ್ತಿದರು. ಯಾರೂ ಅವರನ್ನು ಬೈಯಲಿಲ್ಲ. ತಿಳಿಯದೆ ಮಾಡಿದಿರಿ, ಇನ್ನು ಮುಂದೆ ಹೀಗೆ ಮಾಡಿ ಎಂದು ಹೇಳಿಕೊಟ್ಟರು. ಶಿಬಿರ ಮುಗಿದ ಮೇಲೆ ಬಿಟ್ಟವರು ಊರೂರಿನಲ್ಲಿ ನವಜೀವನ ಸಮಿತಿಯೆಂದು ಸೇರುತ್ತಾರೆ. ಒಬ್ಬನು ಜಾರಿದರೆ ಉಳಿದವರು ಅವನ ಮನೆಗೆ ಹೋಗುತ್ತಾರೆ. ಮನೆಗೆ ಹೋಗುವುದು! ಹುಣಿಸೆಯ ಬರಲಿಗೂ ಈ ನಡಿಗೆಗೂ ಎಷ್ಟು ದೂರವೆಂದು ಯೋಚಿಸುತ್ತ ಹಿಂದಿರುಗಿದೆನು.

ಬೈಯದೆ ಕೇಳುವ ಈ ಮಾರ್ಗಕ್ಕೆ ನಮ್ಮ ನಾಡಿನಲ್ಲಿ ಇನ್ನೊಂದು ದೊಡ್ಡ ನಿದರ್ಶನವುಂಟು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಠದ ಡಾಕ್ಟರ್ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ ಭಿಕ್ಷೆ ಅಕ್ಕಿಯಲ್ಲ, ಹಣವಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರೆಂಬುದು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಬೇಡುವವನು ಮನೆಯ ಬಾಗಿಲಿಗೆ ಬರಬೇಕು, ತಗ್ಗಿ ನಿಲ್ಲಬೇಕು. ಉಪದೇಶಕನು ವೇದಿಕೆಯ ಮೇಲೆ ನಿಂತಿರುತ್ತಾನೆ. ಜೂನ್ 26ರಂದು ನಾನು ಎಲ್ಲಿ ನಿಂತಿದ್ದೆನೆಂಬುದನ್ನು ಹೇಳಬೇಕಾದುದಿಲ್ಲ.

ಶಿಬಿರವು ಕುಡಿತದವರಿಗೆ, ನಮ್ಮ ಹುಡುಗನ ರೋಗ ಬೇರೆ. ಆದುದರಿಂದ ಮೈಸೂರಿನ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಅವನನ್ನು ಕರೆದುಕೊಂಡು ಹೋದೆವು. ಹೋಗುವ ಮುನ್ನ ನನ್ನನ್ನು ಹಿಡಿದು ನಿಲ್ಲಿಸಿದುದು ಪೋಲೀಸಿನ ಭಯ. ವೈದ್ಯರಲ್ಲಿ ಹೇಳಿದರೆ ಹುಡುಗನ ಮೇಲೆ ಮೊಕದ್ದಮೆಯಾಗದೇ? ಇದನ್ನು ವಕೀಲರೊಬ್ಬರು ಬಿಡಿಸಿ ಹೇಳಿದರು. ಮಾದಕವಸ್ತುಗಳ ವಿಷಯವಾದ 1985ರ ಕಾಯಿದೆಯು ಕಠಿಣವಾದುದೇ ಸರಿ. ಆದರೆ ಅದರ 64-ಎ ಪ್ರಕರಣದಲ್ಲಿ ಒಂದು ಆಶ್ರಯವಿದೆ. ಸೇವನೆಯ ಅಥವಾ ಅಲ್ಪಪ್ರಮಾಣದ ಅಪರಾಧದಲ್ಲಿ ಸಿಕ್ಕ ವ್ಯಸನಿಯು ತಾನಾಗಿಯೇ ಸರಕಾರದ ಅಥವಾ ಸರಕಾರದ ಮನ್ನಣೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆಯನ್ನು ಪೂರೈಸಿದರೆ, ಅವನ ಮೇಲೆ ಮೊಕದ್ದಮೆ ನಡೆಯದು. ಮಾರುವವನಿಗೆ ಈ ಆಶ್ರಯವಿಲ್ಲ. ಈ ಒಂದು ಸಂಗತಿ ತಿಳಿಯದೆ ಎಷ್ಟು ತಾಯಿ ತಂದೆಗಳು ಬಾಗಿಲು ಹಾಕಿಕೊಂಡು ಕುಳಿತಿರುವರೋ! 2019ರಲ್ಲಿ ಕೇಂದ್ರ ಸರಕಾರವು ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿ ಪ್ರಕಟಿಸಿದ ಸಮೀಕ್ಷೆಯಂತೆ, ಈ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಭಂಗಿ ಗಾಂಜಾ ಚರಸ್‌ಗಳನ್ನು ಸೇವಿಸುವವರು ಸುಮಾರು 3.1 ಕೋಟಿ. ಕುಡಿತಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿದೆ. ಕಾನೂನುಬಾಹಿರ ವಸ್ತುಗಳಿಗೆ ದಾಸರಾದವರಲ್ಲಿ 20 ಮಂದಿಗೆ ಒಬ್ಬನಿಗೆ. ಉಳಿದವರೆಲ್ಲಿ? ನಮ್ಮಂತಹವರ ಮಾಳಿಗೆಯ ಕೊಠಡಿಗಳಲ್ಲಿ.

ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಶಿಷ್ಯರ ಮಕ್ಕಳ ವಯಸ್ಸು. ಅವರು ಹುಡುಗನನ್ನು ಮೊದಲು ಕೇಳಿದ ಪ್ರಶ್ನೆ, ಯಾಕೆ ಸೇದಿದೆ ಎಂಬುದಲ್ಲ, “ರಾತ್ರಿ ನಿದ್ರೆ ಬರುತ್ತದೆಯೇ?” ಎಂಬುದು. ಅವನು ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟನು. ತಂದೆಯು ಹೋದ ರಾತ್ರಿಯಿಂದ ನಿದ್ರೆಯಿಲ್ಲ. ಆಸ್ಪತ್ರೆಯಿಂದ ತಂದೆ ಮಾಡಿದ ಕೊನೆಯ ಫೋನನ್ನು ತಾನು ಆಟದಲ್ಲಿ ಮೈಮರೆತು ಎತ್ತಲಿಲ್ಲ. ಗೆಳೆಯನೊಬ್ಬನು ಕೊಟ್ಟುದನ್ನು ಸೇದಿದ ದಿನ ಮೊದಲ ಸಲ ಬೆಳಗಿನವರೆಗೆ ಮಲಗಿದೆನು ಎಂದನು. ಎರಡು ವರ್ಷದಲ್ಲಿ ನಾವು ಮೂವರಲ್ಲಿ ಒಬ್ಬರೂ ಅವನ ನಿದ್ರೆಯನ್ನು ವಿಚಾರಿಸಿರಲಿಲ್ಲ.

ವ್ಯಸನವೆಂಬ ಪದವನ್ನು ನಾನು ಆಯುಷ್ಯವಿಡೀ ಬಳಸಿದವನು. ಸಂಸ್ಕೃತದಲ್ಲಿ ಆ ಪದಕ್ಕೆ ದುಶ್ಚಟವೆಂದೂ ಅರ್ಥವುಂಟು, ವಿಪತ್ತು ಎಂದೂ ಅರ್ಥವುಂಟು. ಕನ್ನಡದಲ್ಲಿ ವ್ಯಸನಪಡುವುದೆಂದರೆ ದುಃಖಪಡುವುದೇ. ನಿಘಂಟಿನಲ್ಲಿ ಒಂದೇ ಸಾಲಿನಲ್ಲಿರುವ ಈ ಎರಡು ಅರ್ಥಗಳು ಒಂದೇ ಹುಡುಗನಲ್ಲಿ ಕೂಡಿದುದನ್ನು ಆ ದಿನ ಕಂಡೆನು. ಎಲ್ಲರ ಚಟಕ್ಕೂ ದುಃಖವೇ ಕಾರಣವೆಂದು ನಾನು ಹೇಳುವುದಿಲ್ಲ. ಕುತೂಹಲದಿಂದ ಬಿದ್ದವರುಂಟು, ಗೆಳೆಯರ ಬಲವಂತದಿಂದ ಬಿದ್ದವರುಂಟು. ಆದರೆ ಒಂದು ಅರ್ಥವನ್ನು ಕಂಡಾಗ ಇನ್ನೊಂದನ್ನು ವಿಚಾರಿಸದೆ ಇರುವುದು ಅರ್ಧ ಪಾಂಡಿತ್ಯ.

ನಮ್ಮ ಊರಿಗೆ ಪಾಂಡವರ ಹೆಸರು. ವನವಾಸದಲ್ಲಿ ಕುಂತಿಯೊಡನೆ ಅವರು ಈ ಬೆಟ್ಟದಲ್ಲಿ ತಂಗಿದ್ದರೆಂದು ಹಿರಿಯರು ಹೇಳುತ್ತಾರೆ. ಅವರನ್ನು ಕಾಡಿಗೆ ಅಟ್ಟಿದುದು ಜೂಜೆಂಬ ವ್ಯಸನ. ಧರ್ಮರಾಯನ ತಪ್ಪನ್ನು ನಾವೆಲ್ಲರೂ ಎತ್ತಿ ಆಡುತ್ತೇವೆ. ಆದರೆ ಆ ಸಭೆಯಲ್ಲಿ ಭೀಷ್ಮನಿದ್ದನು, ದ್ರೋಣನಿದ್ದನು, ಕುರುಡನಾದ ದೊಡ್ಡಪ್ಪನಿದ್ದನು. ಎಲ್ಲರೂ ಬಲ್ಲವರೇ, ದಾಳ ಉರುಳುತ್ತಿರುವಾಗ ಎದ್ದು ಹೇಳಿದವನು ವಿದುರನೊಬ್ಬನು. ಅವನ ಮಾತನ್ನು ಯಾರೂ ಕೇಳಲಿಲ್ಲವೆಂಬುದು ನಿಜ; ಆದರೆ ಇನ್ನೊಬ್ಬ ಹಿರಿಯನು ಅವನ ಜೊತೆಗೆ ಎದ್ದು ನಿಂತಿದ್ದರೆ ಕಥೆ ಏನಾಗುತ್ತಿತ್ತೋ ಯಾರು ಬಲ್ಲರು? ಒಬ್ಬನೇ ವಿದುರನಿಂದ ಮನೆ ಉಳಿಯದು.

ಈ ಯೋಚನೆಯಿಂದಲೇ ನಾವು ನಾಲ್ಕಾರು ಮಂದಿ ಸೇರಿ, ನಮ್ಮ ಬೀದಿಯ ಹಾಗೂ ಅಕ್ಕಪಕ್ಕದ ಬೀದಿಗಳ ಮನೆಯವರನ್ನು ತಿಂಗಳಿಗೊಮ್ಮೆ ಕೂಡಿಸಲು ಹೊರಟೆವು. ಆ ಕೂಟಕ್ಕೆ ಹೆಸರಿಲ್ಲ, ಪದಾಧಿಕಾರಿಗಳಿಲ್ಲ, ಹಾರತುರಾಯಿಗಳಿಲ್ಲ. ಮೊದಲ ಸಲ ನಾನು ಏಳು ಅಂಶಗಳ ಉಪನ್ಯಾಸವೊಂದನ್ನು ಬರೆದುಕೊಂಡು ಹೋಗಿದ್ದೆನು. ಹನ್ನೆರಡು ಮನೆಗಳವರು ಬಂದರು. ಎಲ್ಲರೂ, “ಈಚೆಗೆ ಹುಡುಗರು ಕೆಟ್ಟುಹೋಗಿದ್ದಾರೆ, ನಮ್ಮ ಮನೆಯಲ್ಲಿ ಅಂತಹುದೇನೂ ಇಲ್ಲ; ಮೇಲಿನ ಬೀದಿಯಲ್ಲಿ ಬಹಳವಂತೆ” ಎಂದರು. ಮೇಲಿನ ಬೀದಿಯವರು ಕೆಳಗಿನ ಬೀದಿಯಲ್ಲಿ ಬಹಳವಂತೆ ಎಂದರು. ನಾನು ಕಾಗದವನ್ನು ಬಿಚ್ಚುತ್ತಿರುವಷ್ಟರಲ್ಲಿ, ಹಿಂದೆ ಕುಳಿತಿದ್ದ ನನ್ನ ಹೆಂಡತಿಯು ಎದ್ದು ನಿಂತಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ನಾಲ್ಕು ಜನರೆದುರಿಗೆ ಮಾತನಾಡಿದುದನ್ನು ನಾನು ಕಂಡಿರಲಿಲ್ಲ.

“ನಮ್ಮ ಮನೆ ಹುಡುಗ ಗಾಂಜಾ ಸೇದುತ್ತಿದ್ದ,” ಎಂದಳು. “ನಾನು ಆರು ತಿಂಗಳು ಬಚ್ಚಿಟ್ಟೆ. ಬಚ್ಚಿಟ್ಟಷ್ಟು ದಿನ ಅವನಿಗೆ ಹೆಚ್ಚಾಯಿತು. ಇಲ್ಲಿ ಹೇಳಬಹುದೇ ಅಂತ ಅವನನ್ನೇ ಕೇಳಿಕೊಂಡು ಬಂದಿದೀನಿ. ಹೇಳಿ ದೊಡ್ಡಮ್ಮ ಅಂದ.”

ಇಷ್ಟು ಹೇಳಿ ಕುಳಿತುಬಿಟ್ಟಳು. ಗೋಡೆಯ ಗಡಿಯಾರದ ಸದ್ದು ಕೇಳುವಷ್ಟು ಮೌನ. ಆಮೇಲೆ ಬಾಗಿಲ ಬಳಿ ಕುಳಿತಿದ್ದ ಒಬ್ಬಾಕೆಯು, ತನ್ನ ಹನ್ನೊಂದು ವರ್ಷದ ಮಗನು ಸೈಕಲ್ಲು ಪಂಕ್ಚರಿಗೆ ಹಾಕುವ ಅಂಟನ್ನು ಬಟ್ಟೆಗೆ ಸುರಿದು ಮೂಸುತ್ತಾನೆಂದು, ಅದು ರೋಗವೋ ಚಟವೋ ತನಗೆ ತಿಳಿಯದೆಂದು ಹೇಳಿದಳು. ಮತ್ತೊಬ್ಬರು ನೋವಿನ ಮಾತ್ರೆಯ ಮಾತೆತ್ತಿದರು. ಇನ್ನೊಬ್ಬರು ತಮ್ಮ ಕುಡಿತವನ್ನೇ ಹೇಳಿಕೊಂಡರು. ನನ್ನ ಉಪನ್ಯಾಸವು ಜೇಬಿನಲ್ಲೇ ಉಳಿಯಿತು. ಈಗಲೂ ಅಲ್ಲೇ ಇದೆ.

ಅಂದಿನಿಂದ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವ ಸಂಗತಿಗಳು ಬಹಳ ಸರಳವಾದವು. ಸಿಟ್ಟು ಏರಿದಾಗಲಾಗಲಿ ಅವನಿಗೆ ಮತ್ತು ಇಳಿಯದಿರುವಾಗಲಾಗಲಿ ಮಾತು ಬೇಡ. ತಿಳಿಯಾದ ಹೊತ್ತಿನಲ್ಲಿ ಕಂಡುದನ್ನು ಕಂಡಂತೆ ಹೇಳಿ. ಸಾಲ ತೀರಿಸಬೇಡಿ, ಸುಳ್ಳು ಹೇಳಿ ಕಾಪಾಡಬೇಡಿ; ಊಟವನ್ನೂ ಮಾತನ್ನೂ ಮಾತ್ರ ನಿಲ್ಲಿಸಬೇಡಿ. ಬಹುಕಾಲ ವಿಪರೀತ ಕುಡಿದವನನ್ನು ಕೊಠಡಿಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಫಿಟ್ಸು ಬರಬಹುದು, ಬುದ್ಧಿಭ್ರಮೆಯಾಗಬಹುದು, ಪ್ರಾಣಕ್ಕೂ ಅಪಾಯ. ಅದು ವೈದ್ಯರ ಕೆಲಸ. ಗಾಂಜಾ ಬಿಟ್ಟವನಿಗೆ ಒಂದೆರಡು ವಾರ ನಿದ್ರೆ ಬಾರದು, ಅನ್ನ ಸೇರದು, ಮುಂಗೋಪ ಹೆಚ್ಚುವುದು. ಇದು ದುರಹಂಕಾರವಲ್ಲವೆಂದು ಮನೆಯವರು ತಿಳಿದಿರಬೇಕು. ಬೆಳೆಯುವ ವಯಸ್ಸಿನ ಮೆದುಳಿಗೆ ಅದರಿಂದ ಹಾನಿ ಹೆಚ್ಚು. ಕೆಲವರಲ್ಲಿ ಚಿತ್ತವಿಕಾರವೇ ತಲೆದೋರುವುದುಂಟು. ಅಂಟು ಮೂಸುವ ಮಗುವನ್ನು ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. ಯಾರಿಗೂ ಹೇಳಲಾರೆವೆಂದು ಬಾಯಿ ಕಟ್ಟಿದವರಿಗೆ, ಹೆಸರು ಹೇಳದೆಯೇ ಮಾತನಾಡಲು ಸರಕಾರದ ದೂರವಾಣಿಗಳುಂಟು: ವ್ಯಸನದ ವಿಷಯಕ್ಕೆ 14446, ಮನಸ್ಸಿನ ವಿಷಯಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416. ಇವನ್ನು ನನ್ನ ಹೆಂಡತಿಯು ಅಡಿಗೆಯ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟಿದ್ದಾಳೆ. ಬಂದವರು ಅದೇನೆಂದು ಕೇಳಿದರೆ, ಏನೆಂದು ಹೇಳುತ್ತಾಳೆ.

ಕಾನೂನುಗಳು ಬೇಡವೆಂದು ನಾನು ಹೇಳುವುದಿಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಪೊಟ್ಟಣ ಹೋದ ಮನೆಗೆ ಬಾಟಲಿ ಬಂದುದನ್ನು ನನ್ನ ಶಿಷ್ಯನ ಗದ್ದೆಯೇ ಕಂಡಿದೆ. ಅಂಗಡಿಯ ಬಾಗಿಲನ್ನು ಸರಕಾರವು ಮುಚ್ಚಬಹುದು. ಮನೆಯ ಬಾಗಿಲನ್ನು ತೆರೆಯಬೇಕಾದವರು ಮನೆಯವರೇ.

ಹುಡುಗನ ಸ್ಥಿತಿಯನ್ನು ವಾಚಕರು ಕೇಳಬಹುದು. ಮೊದಲಿನ ಕೆಲವು ತಿಂಗಳು ಮನೆಯಲ್ಲಿ ಅನುಮಾನವೇ ತುಂಬಿದ್ದಿತು. ಇಲ್ಲಿ ತರ್ಕಶಾಸ್ತ್ರದ ಅರ್ಥವನ್ನು ಬಿಟ್ಟು ಕನ್ನಡದ ಅರ್ಥವನ್ನು ಹಿಡಿಯಬೇಕು. ಅವನ ಅಂಗಿಯನ್ನು ಮೂಸುವುದು, ಚೀಲವನ್ನು ತಡಕುವುದು. ವೈದ್ಯರು ಇದನ್ನು ಬಿಡಿಸಿದರು. ಕಳ್ಳನಂತೆ ಕಾಯುವವರಿರುವ ಮನೆಯಲ್ಲಿ ನಿಜ ಹೇಳಲು ಯಾರಿಗೆ ಧೈರ್ಯ ಬಂದೀತು ಎಂದರು. ಹತ್ತು ತಿಂಗಳು ಅವನು ಶುದ್ಧವಾಗಿದ್ದನು. ಆಮೇಲೆ ಒಂದು ದಿನ ಬೆಳಗ್ಗೆ, ನಾನು ಸಂಧ್ಯಾವಂದನೆ ಮುಗಿಸಿ ಏಳುವುದನ್ನೇ ಕಾದಿದ್ದು, “ದೊಡ್ಡಪ್ಪ, ನಿನ್ನೆ ತಪ್ಪಿದೆ. ಸ್ನೇಹಿತರ ಜೊತೆ ಸೇದಿದೆ” ಎಂದನು. ನನ್ನ ನಾಲಗೆಯ ತುದಿಗೆ ಹಳೆಯ ಮಾತುಗಳೆಲ್ಲ ಬಂದವು. ಅವನ್ನು ನುಂಗಿಕೊಂಡು, “ರಾತ್ರಿ ನಿದ್ರೆ ಬಂತೇ?” ಎಂದು ಕೇಳಿದೆನು. ಆ ದಿನವೇ ಇಬ್ಬರೂ ರೈಲು ಹತ್ತಿ ವೈದ್ಯರನ್ನು ಕಂಡು ಬಂದೆವು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲು ಹೋಗುವಾಗ, ಕಾವೇರಿಯನ್ನು ನೋಡುತ್ತ, ಅವನು ಮೊದಲ ಸಲ ತನ್ನ ತಂದೆಯ ಮಾತನ್ನು ತಾನಾಗಿ ಎತ್ತಿದನು.

ಮುಂದೆ ಮತ್ತೆ ಜಾರುವನೋ ಇಲ್ಲವೋ ನಾನು ಹೇಳಲಾರೆ. ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ಅವನಿಗೆ ಓದಲು ಕೊಟ್ಟೆನು. ಒಂದು ವಾಕ್ಯವನ್ನು ತೆಗೆಯಬೇಕೆಂದನು, ತೆಗೆದಿದ್ದೇನೆ. ಮಾಳಿಗೆಯ ಕೊಠಡಿಯಲ್ಲಿ ಈಗ ಊದುಬತ್ತಿಯ ವಾಸನೆಯಿಲ್ಲ. ತರ್ಕಶಾಸ್ತ್ರದಲ್ಲಿ ಅನುಮಾನದ ತರುವಾಯ ಉಪಮಾನ, ಅದರ ಮುಂದೆ ಶಬ್ದಪ್ರಮಾಣ. ಅಂದರೆ ನಂಬತಕ್ಕವನು ಬಾಯಿಬಿಟ್ಟು ಹೇಳಿದ ಮಾತು. ಆ ಪ್ರಕರಣವನ್ನು ನಾನು ಶಾಲೆಯಲ್ಲಿ ಎ೦ದೂ ಅವಸರದಿಂದಲೇ ಮುಗಿಸುತ್ತಿದ್ದೆನು. ಈಗ ನಿಧಾನವಾಗಿ ಓದುತ್ತಿದ್ದೇನೆ.